ಕ್ರೌನು, ಪಿನಿಯನ್ನು, ತೊಟ್ಟಿಲು

ಹಲ್ಲುಗಳಿಗೆ ಬಳಿದ ಕೆಂಪು ಬಣ್ಣ ಒಣಗುವ ಮುಂಚೆ ನೋಡಿಬಿಡಬೇಕಿತ್ತು. ಒಮುರ್ಕುಲ್ ಮಂಡಿಯೂರಿ ಕೂತು, ಎಡಗೈಯಲ್ಲಿ ಗಾಡಿಯ ಹಿಂದಿನ ಆಕ್ಸಲಿನ ದೊಡ್ಡ ಕ್ರೌನ್ ಚಕ್ರವನ್ನು ಒತ್ತಿ ಹಿಡಿದು, ಬಲಗೈಯಲ್ಲಿ ಅದಕ್ಕೆ ಕೂಡುವ ಚಿಕ್ಕ ಪಿನಿಯನ್ನನ್ನು ಮೆಲ್ಲಗೆ ತಿರುಗಿಸಿದ. ಚಿಕ್ಕ ಚಕ್ರದ ಹಲ್ಲು ದೊಡ್ಡದರ ಹಲ್ಲನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿ ಬಣ್ಣ ಅಳಿಸಿ ಕಬ್ಬಿಣ ಕಾಣುತ್ತದೆ. ಹಾಗೆ ಕಾಣುವ ಜಾಗ ಹಲ್ಲಿನ ನಟ್ಟನಡುವೆ ಇರಬೇಕು. ತುದಿಗೆ ಬಿದ್ದರೂ ಬುಡಕ್ಕೆ ಬಿದ್ದರೂ ಗಾಡಿ ದಾರಿಯುದ್ದಕ್ಕೂ ಊಳಿಡುತ್ತದೆ, ವರ್ಷ ತುಂಬುವುದರೊಳಗೆ ಹಲ್ಲು ಉದುರುತ್ತದೆ. ಐದು ಸಲ ಬಿಚ್ಚಿ, ಕಾಗದದಷ್ಟು ತೆಳ್ಳಗಿನ ತಗಡಿನ ಬಳೆಗಳನ್ನು ಒಂದು ಹಾಕಿ ಒಂದು ತೆಗೆದು, ಇದು ಆರನೆಯ ಸಲ. ಟಾರ್ಚು ಬಿಟ್ಟು ನೋಡಿದ. ನಡುವೆಯೇ ಬಿದ್ದಿತ್ತು.

"ಸರಿಹೋಯ್ತು ಬಿಡು" ಎಂದ ಪಕ್ಕದ ಮನೆಯ ಪನಾಸ್. ಅವನು ಸಕ್ಕರೆ ಕಾರ್ಖಾನೆಯಲ್ಲಿ ನಲವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತ ಉಕ್ರೇನಿನವನು. ಗೆಳೆಯನ ಕೆಲಸಕ್ಕೆ ಮೂರು ದಿನದಿಂದ ಕೈಜೋಡಿಸಿದ್ದ, ಮೂರು ದಿನದಿಂದ ಗೊಣಗಿಯೂ ಇದ್ದ. "ಸುಮ್ನೆ ಬಿದ್ದಿದ್ದ ಗಾಡೀನ ಯಾಕಪ್ಪ ಕೆಣಕ್ತೀಯ ಅಂತ ಇನ್ನೂ ನಂಗೆ ಗೊತ್ತಾಗ್ಲಿಲ್ಲ ನೋಡು."

ಗೊತ್ತಾಗದೇ ಏನು, ಕಾರಾ ಬಾಲ್ತಾ ಊರಿನ ಆ ಬೀದಿಗೆಲ್ಲ ಗೊತ್ತಿತ್ತು. ಒಮುರ್ಕುಲನ ಮಗಳು ಚೊಲ್ಪೊನ್ ಘಟ್ಟದಾಚೆಯ ತಲಾಸಿನಲ್ಲಿ ಗಂಡುಮಗು ಹೆತ್ತಿದ್ದಳು. ಮೊದಲ ಮಗುವಿಗೆ ತೊಟ್ಟಿಲು ಹೋಗಬೇಕಾದದ್ದು ತವರಿನಿಂದ. ತವರಿನ ತೊಟ್ಟಿಲು ಬಂದು, ತಾಯಿಯ ತಾಯಿ ಕೈಯಾರೆ ಮಲಗಿಸುವ ತನಕ ಬೇರೆ ಯಾವ ತೊಟ್ಟಿಲಿಗೂ ಮಗುವನ್ನು ಹಾಕುವಂತಿಲ್ಲ. ದಿನ ಗೊತ್ತುಮಾಡಿದ ಮೇಲೆ ಬೀಗ ಶರ್ಶೆನ್ ಫೋನು ಮಾಡಿ, ನಿಮ್ಮ ವೋಲ್ಗಾ ಕಾರಿಗೂ ಪಾಪ ವಯಸ್ಸಾಯಿತು, ನಮ್ಮ ಹುಡುಗನ ಜಪಾನಿ ವ್ಯಾನನ್ನೇ ಕಳಿಸಿಕೊಡುತ್ತೇನೆ, ಆರಾಮಾಗಿ ಬನ್ನಿ ಎಂದಿದ್ದ. ಒಳ್ಳೆಯ ಮಾತೇ. ಆದರೆ ಅದನ್ನು ಹೇಳುವಾಗ ಶರ್ಶೆನ್ ಸ್ವಲ್ಪ ನಕ್ಕಿದ್ದ. ಒಮುರ್ಕುಲನಿಗೆ ಆ ನಗು ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು.

ಆ ನಗುವಿನ ಹಿಂದೆ ಮೂವತ್ತು ವರ್ಷ ಹಿಂದಿನ ಒಂದು ಕಥೆ ಇತ್ತು. ಆಗ ಒಮುರ್ಕುಲ್ ತ್ಯೊ ಅಶೂ ಘಟ್ಟದ ಮೇಲೆ ಬಸ್ಸು ಓಡಿಸುತ್ತಿದ್ದ. ಒಂದು ದಿನ ಘಟ್ಟದ ನೆತ್ತಿಯ ಸುರಂಗದ ಕೆಳಗಿನ ತಿರುವುಗಳಲ್ಲಿ ಸಿಮೆಂಟು ಹೇರಿದ ಲಾರಿಯೊಂದು ದಾರಿಗೆ ಅಡ್ಡವಾಗಿ, ಮುಂದಕ್ಕೆ ಹತ್ತಲಾರದೆ, ಹಿಂದುಮುಂದಾಗಿ ತಿರುಗಿಕೊಂಡು ರಿವರ್ಸ್ ಗೇರಿನಲ್ಲಿ ತೆವಳಿಕೊಂಡು ಏರುತ್ತಿತ್ತು. ಎಲ್ಲ ಗೇರುಗಳಿಗಿಂತ ರಿವರ್ಸಿಗೆ ಬಲ ಹೆಚ್ಚು ಎಂಬುದು ಚಾಲಕರಿಗೆಲ್ಲ ಗೊತ್ತು, ಆದರೆ ಹಾಗೆ ಹತ್ತುವುದು ಮರ್ಯಾದಸ್ತರ ಕೆಲಸವಲ್ಲ. ಹಿಂದೆ ಸಿಕ್ಕಿಕೊಂಡ ಒಮುರ್ಕುಲ್ ಕಿಟಕಿಯಿಂದ ತಲೆ ಹೊರಹಾಕಿ, "ಏನಪ್ಪಾ ಬಾಲಮುಂದ, ಊರು ಯಾವ್ದು?" ಎಂದು ಕೂಗಿದ. ಬಸ್ಸಿಡೀ ನಕ್ಕಿತು. ಬಸ್ಸಿನಲ್ಲಿ ತಲಾಸಿನವರು ತುಂಬಿದ್ದರು. ಲಾರಿಯವನು ಶರ್ಶೆನ್. ಹೆಸರು ಅವನಿಗಿಂತ ಮೊದಲೇ ಊರು ಸೇರಿತು, ಅಲ್ಲೇ ಬೇರುಬಿಟ್ಟಿತು. ಇವತ್ತಿಗೂ ಅವನ ಊರಿನಲ್ಲಿ ಶರ್ಶೆನ್ ಮನೆ ಎಲ್ಲಿ ಎಂದರೆ ಯಾವ ಶರ್ಶೆನ್ ಎನ್ನುತ್ತಾರೆ, ಬಾಲಮುಂದ ಎಂದರೆ ಬಾಗಿಲವರೆಗೂ ಬಿಟ್ಟುಬರುತ್ತಾರೆ.

ಮಕ್ಕಳು ಒಬ್ಬರನ್ನೊಬ್ಬರು ಮೆಚ್ಚಿಕೊಂಡು ಬೀಗತನ ಬೆಳೆಸಬೇಕಾಗಿ ಬಂದಾಗ ಹಿರಿಯರಿಬ್ಬರೂ ಆ ಹಳೇ ಮಾತನ್ನು ತೇಲಿಸಿದರು. ಶರ್ಶೆನ್ ಒಳ್ಳೆಯವನು, ಸೊಸೆಯನ್ನು ಮಗಳಂತೆ ನೋಡಿಕೊಂಡ. ಆದರೆ ನಾಲ್ಕು ವರ್ಷದಲ್ಲಿ ಒಮ್ಮೆಯೂ ಒಮುರ್ಕುಲನ ಗಾಡಿ ಹತ್ತಿ ಕೂರಲಿಲ್ಲ. ಕರೆದಾಗೆಲ್ಲ ಅವನಿಗೆ ಕಾಲು ನೋವಿರುತ್ತಿತ್ತು, ಇಲ್ಲವೇ ನಡೆಯುವ ಮನಸ್ಸಾಗುತ್ತಿತ್ತು.

ಹಾಗಾಗಿ ಒಮುರ್ಕುಲ್ ತೊಟ್ಟಿಲನ್ನು ಸ್ವಂತ ವೋಲ್ಗಾದಲ್ಲೇ ಒಯ್ಯುವುದೆಂದು ತೀರ್ಮಾನಿಸಿದ. ಒಯ್ದರೆ ಸಾಲದು, ಹನ್ನೆರಡಕ್ಕೆ ಎಂದರೆ ಹನ್ನೆರಡಕ್ಕೆ ಬೀಗರ ಅಂಗಳದಲ್ಲಿ ನಿಲ್ಲಬೇಕು. ಗಾಡಿ ಅರವತ್ತೇಳನೇ ಇಸವಿಯದು. ಮೂತಿಯ ಮೇಲೆ ನೆಗೆಯುವ ಜಿಂಕೆ, ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಕಡ್ಡಿ, ಮುಂದಕ್ಕೆ ಮೂರೇ ಗೇರು. ಎಪ್ಪತ್ತು ದಾಟಿದರೆ ಇಂಜಿನ್ನು ಚೀರುತ್ತಿತ್ತು. ತಪ್ಪು ಇಂಜಿನ್ನಿನದಲ್ಲ, ಹಿಂದಿನ ಆಕ್ಸಲಿನದು. ಹಳೆಯ ಜೋಡಿಯಲ್ಲಿ ಪಿನಿಯನ್ನು ನಾಲ್ಕೂವರೆ ಸುತ್ತು ತಿರುಗಿದರೆ ಕ್ರೌನು ಒಂದು ಸುತ್ತು ತಿರುಗುತ್ತಿತ್ತು. ಆಮೇಲೆ ಬಂದ ವೋಲ್ಗಾಗಳ ಜೋಡಿಯಲ್ಲಿ ನಾಲ್ಕಕ್ಕೂ ಕಡಿಮೆ ಸುತ್ತು ಸಾಕು. ಇಂಜಿನ್ನು ಅಷ್ಟೇ ತಿರುಗಿದರೂ ಗಾಡಿ ಹೆಚ್ಚು ದೂರ ಹೋಗುತ್ತದೆ, ಏರಿನಲ್ಲಿ ಎಳೆಯುವ ಬಲ ಮಾತ್ರ ಅಷ್ಟು ಕಡಿಮೆ. ಬಿಷ್ಕೆಕಿನ ಹಳೇ ಸಾಮಾನಿನ ಸಂತೆಯಲ್ಲಿ ಎರಡು ದಿನ ಅಲೆದು, ಒಂದೇ ನಂಬರು ಕೆತ್ತಿದ ಕ್ರೌನು ಪಿನಿಯನ್ನುಗಳನ್ನು ಅವು ಕೂರುವ ಡಿಫರೆನ್ಶಿಯಲ್ ಪೆಟ್ಟಿಗೆ ಸಮೇತ ಹುಡುಕಿ ತಂದ. ನಂಬರು ಬೇರೆಬೇರೆಯಾದರೆ ಆಗದು, ಒಟ್ಟಿಗೆ ಸವೆದ ಜೋಡಿಯೇ ಒಟ್ಟಿಗೆ ಓಡಬೇಕು.

ಜೋಡಿಸಿ ಮುಗಿಯುವ ಹೊತ್ತಿಗೆ ಹೆಂಡತಿ ಜೂರಾ ಚಹಾ ತಂದಳು. ಗಂಡನ ಹೆಸರು ಹೇಳುವುದು ಅವಳಿಗೆ ಅಭ್ಯಾಸವಿಲ್ಲ, ಅವಳ ಕಾಲದ ಹೆಂಗಸರು ಯಾರೂ ಹೇಳುವುದಿಲ್ಲ.

"ಚೊಲ್ಪೊನ್ ಅಪ್ಪ, ಇದು ಘಟ್ಟ ಹತ್ತುತ್ತಾ?"

"ಮೂವತ್ತು ವರ್ಷ ಆ ಘಟ್ಟದಲ್ಲಿ ಬಸ್ಸು ಓಡ್ಸಿದೋನು ನಾನು. ನಂಗೆ ಘಟ್ಟದ ಪಾಠ ಮಾಡ್ಬೇಡ."

ಅವಳು ಮಾಡಲಿಲ್ಲ. ಪಿಯಾಲೆ ಬಟ್ಟಲಿಗೆ ಚಹಾ ಬಗ್ಗಿಸಿ ಕೊಟ್ಟು ಒಳಗೆ ಹೋದಳು.

ಅವನೇನು ಪರೀಕ್ಷಿಸದೆ ಬಿಟ್ಟವನಲ್ಲ. ಒಂದು ವಾರ, ಹೊಸದಾಗಿ ಹಾಕಿದ ಹಲ್ಲುಗಳು ಹೊಂದಿಕೊಳ್ಳಲೆಂದು, ದಿನಕ್ಕೆ ಇಪ್ಪತ್ತು ಕಿಲೋಮೀಟರು ಮೆಲ್ಲಗೆ ಓಡಿಸಿ, ನಿಲ್ಲಿಸಿ, ಆಕ್ಸಲಿಗೆ ಅಂಗೈ ಇಟ್ಟು ಬಿಸಿ ನೋಡಿದ. ಆಮೇಲೆ ಹೆದ್ದಾರಿಯಲ್ಲಿ ನೂರು ಮುಟ್ಟಿಸಿದ. ಆಮೇಲೆ ಘಟ್ಟದ ಅರ್ಧದವರೆಗೂ ಹೋಗಿಬಂದ. ಎರಡನೇ ಗೇರಿನಲ್ಲೇ ಹತ್ತಿತು. ಬಂದವನು ಪನಾಸನ ಬೆನ್ನು ತಟ್ಟಿದ. ಲೆಕ್ಕದಲ್ಲಿ ಬಿಟ್ಟುಹೋದದ್ದು ಒಂದೇ: ಗಾಡಿಯಲ್ಲಿ ಅವನು ಒಬ್ಬನೇ ಇದ್ದ. ಅವನ ತಲೆಯಲ್ಲಿ ತಲಾಸಿಗೆ ಹೋಗುವುದೆಂದರೆ ತಾನು, ಜೂರಾ, ಗಾಡಿಯ ನೆತ್ತಿಯ ಮೇಲೆ ಕಟ್ಟಿದ ತೊಟ್ಟಿಲು, ಇಷ್ಟೇ. ಗಂಡಸರು ತವರಿನ ಭಾರವನ್ನು ಲೆಕ್ಕ ಹಾಕುವುದು ಹೀಗೆಯೇ.

ಹೊರಡುವ ದಿನ ಬೆಳಗ್ಗೆ ಆರು ಗಂಟೆಗೆ ಅಂಗಳಕ್ಕೆ ಬಂದು ನೋಡುತ್ತಾನೆ, ಡಿಕ್ಕಿಯಲ್ಲಿ ಒಂದು ಇಡೀ ಕುರಿಯ ಮಾಂಸ, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ಬೋರ್ಸೋಕಿನ ಎರಡು ಚೀಲ, ಹೊಲಿದ ಹಾಸಿಗೆಗಳು ಆರು, ಬೀಗರ ಮನೆಯ ಒಬ್ಬೊಬ್ಬರಿಗೂ ಉಡುಗೊರೆಯ ಗಂಟು. ಗಾಡಿಯ ಮುಂದಿನ ಸೀಟಿನಲ್ಲಿ ಅವನ ಅಕ್ಕ ಬುರುಲ್ಚಾ, ದೊಡ್ಡ ಮೈಕಟ್ಟಿನ ಹೆಂಗಸು, ರೇಷ್ಮೆ ವಸ್ತ್ರ ತಲೆಗೆ ಸುತ್ತಿ ಆಗಲೇ ಕೂತುಬಿಟ್ಟಿದ್ದಳು. ಹಿಂದೆ ಜೂರಾಳ ಇಬ್ಬರು ಓರಗಿತ್ತಿಯರು. ಇವರೆಲ್ಲ ಯಾಕೆ ಎಂದು ಅವನು ಕೇಳಿದ್ದಕ್ಕೆ, ತೊಟ್ಟಿಲ ಜೊತೆ ಹೆಂಗಸರು ಹೋಗದೆ ಪನಾಸ್ ಹೋಗುತ್ತಾನೆಯೇ ಎಂದು ಅಕ್ಕ ತಿರುಗಿ ಕೇಳಿದಳು.

ಕೊನೆಗೆ ಅವನು ತೊಟ್ಟಿಲನ್ನು ಎತ್ತಿ ನೆತ್ತಿಯ ಮೇಲೆ ಕಟ್ಟಲು ಹೋದ. ಜೂರಾ ತಡೆದಳು.

"ಮೇಲೆ ಬೇಡ. ದಾರಿಯುದ್ದಕ್ಕೂ ಅಲ್ಲಾಡುತ್ತೆ. ಖಾಲಿ ತೊಟ್ಟಿಲು ತೂಗಬಾರದು."

ಬಣ್ಣ ಬಳಿದ ಮರದ ತೊಟ್ಟಿಲನ್ನು ಅವಳು ಹಿಂದಿನ ಸೀಟಿನ ನಡುವೆ ಕೂತು ತೊಡೆಯ ಮೇಲಿಟ್ಟುಕೊಂಡು, ಮೇಲಿನ ಅಡ್ಡಗೋಲಿನ ಮೇಲೆ ಅಂಗೈ ಒತ್ತಿ ಹಿಡಿದಳು. ಗಾಡಿ ಗೇಟು ದಾಟುವಾಗ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ನೆಲಕ್ಕೆ ಬಾಗಿದ್ದನ್ನು ಪನಾಸ್ ನೋಡಿದ, ಒಮುರ್ಕುಲನೂ ಕನ್ನಡಿಯಲ್ಲಿ ಅವನ ಮುಖ ನೋಡಿದ. 

ಘಟ್ಟದ ಬುಡದವರೆಗೆ ವೋಲ್ಗಾ ಬೆಣ್ಣೆಯಲ್ಲಿ ಕತ್ತಿ ಆಡಿಸಿದಂತೆ ಹೋಯಿತು. ಚೀರಾಟವಿಲ್ಲ, ನಡುಕವಿಲ್ಲ. ಬುರುಲ್ಚಾ ಕೂಡ ಬಿಗುಮಾನ ಬಿಟ್ಟು, ವಿಮಾನದಲ್ಲಿ ಕೂತ ಹಾಗಿದೆ ಎಂದಳು. ಅವಳು ವಿಮಾನ ಹತ್ತಿದವಳಲ್ಲ, ಆದರೂ ಒಮುರ್ಕುಲನಿಗೆ ತುಂಬ ಖುಷಿಯಾಯಿತು. ಎಂಟು ಗಂಟೆಗೆ ಸುರಂಗ, ಹನ್ನೊಂದೂವರೆಗೆ ಬೀಗರ ಅಂಗಳ ಎಂದು ಜೋರಾಗಿಯೇ ಹೇಳಿದ.

ಏರು ಶುರುವಾದ ಮೇಲೆ ಎರಡನೇ ಗೇರು ಮೂರನೇ ತಿರುವಿನಲ್ಲೇ ಸೋತಿತು. ಒಂದಕ್ಕೆ ಇಳಿಸಿದ. ಒಂದರಲ್ಲಿ ಹತ್ತಿತು, ಮನುಷ್ಯ ನಡೆದಷ್ಟು ನಿಧಾನ. ಮೇಲೆ ಹೋದಂತೆ ಗಾಳಿ ತೆಳುವಾಯಿತು. ಅವನಿಗೆ ಉಬ್ಬಸ ಬಂದಂತೆ ಇಂಜಿನ್ನಿಗೂ ಬಂತು, ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಸುರಂಗದ ಬಾಯಿಗೆ ಮೂರು ತಿರುವು ಇರುವಾಗ ಗಾಡಿ ಎರಡು ಸಲ ಜಗ್ಗಿ, ಉಸಿರು ಕಟ್ಟಿ ನಿಂತಿತು. ಮೂತಿಯಿಂದ ಹಬೆ ಎದ್ದಿತು. ಓರಗಿತ್ತಿಯರು ಇಳಿದು ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು.

ಮತ್ತೆ ಪ್ರಯತ್ನಿಸಿದ. ಕ್ಲಚ್ಚು ಸುಟ್ಟ ವಾಸನೆ ಬಂತು, ಗಾಡಿ ಒಂದು ಮಾರು ಹೋಗಿ ಮತ್ತೆ ನಿಂತಿತು. ಹೆಂಗಸರನ್ನು ಇಳಿಸಿ ನಡೆಸೋಣವೆಂದರೆ ಬುರುಲ್ಚಾ ಹತ್ತು ಹೆಜ್ಜೆ ಹಾಕಿ ಎದೆ ಹಿಡಿದು ಕಲ್ಲಿನ ಮೇಲೆ ಕೂತಳು. ಅಷ್ಟು ಎತ್ತರದಲ್ಲಿ, ಅಂಥ ಚಳಿಯಲ್ಲಿ, ಎಪ್ಪತ್ತರ ಹೆಂಗಸು ಘಟ್ಟ ನಡೆಯುವುದು ಆಗುವ ಮಾತಲ್ಲ. ಒಂದು ಲಾರಿ ನಿಂತಿತು. ಹಗ್ಗ ಕಟ್ಟಿ ಎಳೆಯಲೇ ಎಂದು ಚಾಲಕ ಮರ್ಯಾದೆಯಿಂದಲೇ ಕೇಳಿದ. ಇಂಜಿನ್ನು ಸ್ವಲ್ಪ ಆರಿದರೆ ಸಾಕು ಎಂದು ಒಮುರ್ಕುಲ್ ಕಳಿಸಿಬಿಟ್ಟ.

ಇಂಜಿನ್ನು ಆರಿತು. ಎಂಟೂವರೆಯಾಯಿತು, ಒಂಬತ್ತಾಯಿತು. ಒಮುರ್ಕುಲ್ ಬಾನೆಟ್ಟು ಎತ್ತಿ ಅಲ್ಲಿ ಮುಟ್ಟಿ ಇಲ್ಲಿ ಮುಟ್ಟಿದ. ಮುಟ್ಟಲು ಅಲ್ಲಿ ಏನೂ ಇರಲಿಲ್ಲ. ಏನು ಮಾಡಬೇಕೆಂದು ಅವನಿಗೆ ಗಾಡಿ ನಿಂತ ಗಳಿಗೆಯಲ್ಲೇ ಗೊತ್ತಾಗಿತ್ತು. ಹಳೆಯ ಜೋಡಿ ಒಂದನೇ ಗೇರಿನಲ್ಲಿ ಕೊಡುತ್ತಿದ್ದ ಬಲವನ್ನು ಹೊಸ ಜೋಡಿ ರಿವರ್ಸಿನಲ್ಲಿ ಕೊಡುತ್ತದೆ. ಲೆಕ್ಕ ಸರಿಯಾಗಿತ್ತು, ಮನಸ್ಸು ಒಪ್ಪುತ್ತಿರಲಿಲ್ಲ. ಅದೇ ತಿರುವು, ಅದೇ ಕಲ್ಲು. ಬಸ್ಸಿನ ಕಿಟಕಿಯಿಂದ ತಾನು ತಲೆ ಹೊರಹಾಕಿದ ಜಾಗ ಅಲ್ಲಿಂದ ಕಾಣುತ್ತಿತ್ತು. ಅವನಿಗೆ ನಾಚಿಕೆಯಾಯಿತು. ಇಷ್ಟು ವರ್ಷ ತಡವಾಗಿ ಬಂದ ನಾಚಿಕೆಯಾದ್ದರಿಂದ ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಜೂರಾ ಗಾಡಿಯಿಂದ ಇಳಿದಿರಲೇ ಇಲ್ಲ. ತೊಟ್ಟಿಲು ತೊಡೆಯ ಮೇಲೆ ಹಾಗೇ ಇತ್ತು. ಅವನು ಕಿಟಕಿಯ ಹತ್ತಿರ ಬಂದಾಗ ಮೆಲ್ಲಗೆ ಹೇಳಿದಳು.

"ಮಗು ಕಾಯ್ತಿದೆ. ಏನು ಮಾಡ್ಬೇಕು ಅಂತ ನಿಮಗೆ ಗೊತ್ತು."

"ಗೊತ್ತು."

"ಹಂಗಾದ್ರೆ ಮಾಡಿ."

ತಿರುವಿನ ಅಗಲದಲ್ಲಿ ಗಾಡಿಯನ್ನು ಹಿಂದುಮುಂದು ತಿರುಗಿಸಿದ. ಹೆಂಗಸರು ಹತ್ತಿ ಕೂತರು. ಒಂದು ಕೈಯನ್ನು ಸೀಟಿನ ಮೇಲೆ ಚಾಚಿ, ಮೈಯೆಲ್ಲ ಹೊರಳಿಸಿ, ಹಿಂದಿನ ಗಾಜಿನಲ್ಲಿ ಕಣ್ಣು ನೆಟ್ಟು ಕ್ಲಚ್ಚು ಬಿಟ್ಟ. ವೋಲ್ಗಾ ಬಾಲ ಮುಂದು ಮಾಡಿಕೊಂಡು ಏರತೊಡಗಿತು. ಏದುಸಿರಿಲ್ಲ, ಜಗ್ಗಾಟವಿಲ್ಲ. ಹೆಂಗಸರಿಗೆ ಎದುರಿನ ಗಾಜಿನಲ್ಲಿ ತಾವು ಬಿಟ್ಟುಬಂದ ಕಣಿವೆ ಮೆಲ್ಲಗೆ ಕೆಳಗಿಳಿಯುವುದು ಕಾಣುತ್ತಿತ್ತು. ಒಮುರ್ಕುಲನಿಗೆ ಕಾಣುತ್ತಿದ್ದದ್ದು ಮುಂದಿನ ದಾರಿ, ಅದರ ನಡುವೆ ಜೂರಾಳ ಮುಖ. ನಲವತ್ತು ವರ್ಷದಲ್ಲಿ ಗಾಡಿ ಓಡಿಸುತ್ತ ಅವಳ ಮುಖ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಅವಳು ನಗಲಿಲ್ಲ. ಕೆಳಗಿನಿಂದ ಬಂದ ಎರಡು ಲಾರಿಗಳು ಹಾರ್ನು ಹೊಡೆದವು, ಒಂದರ ಕಿಟಕಿಯಿಂದ ಯಾರೋ ಏನೋ ಕೂಗಿದರು. ಒಮುರ್ಕುಲ್ ತಿರುಗಿ ನೋಡಲಿಲ್ಲ, ತಿರುಗುವ ಹಾಗೂ ಇರಲಿಲ್ಲ.

ಮೂರು ತಿರುವಿಗೆ ನಲವತ್ತು ನಿಮಿಷ ಹಿಡಿಯಿತು. ಸುರಂಗದ ಮುಂದಿನ ಬಯಲಿನಲ್ಲಿ ಗಾಡಿಯನ್ನು ನೇರ ಮಾಡಿಕೊಂಡಾಗ ಅವನ ಕುತ್ತಿಗೆ ಮರಗಟ್ಟಿ ಯಾವ ಕಡೆಗೂ ತಿರುಗದಂತಾಗಿತ್ತು.

"ಇಲ್ಲಿ ಆಗಿದ್ದು ಇಲ್ಲೇ" ಎಂದಳು ಬುರುಲ್ಚಾ ಹಿಂದೆ ತಿರುಗಿ. "ಬೀಗರ ಮನೇಲಿ ಯಾರಾದ್ರೂ ಬಾಯಿ ಬಿಟ್ರೋ, ವಾಪಸ್ ಬರುವಾಗ ನಡ್ಕೊಂಡು ಬರ್ತೀರ. ನನ್ ತಮ್ಮ ನೆಟ್ಟಗೆ ಹತ್ತಿದ, ಅಷ್ಟೇ."

ಸುರಂಗ ದಾಟಿದ ಮೇಲೆ ಸೂಸಾಮಿರ್ ಬಯಲಿನಲ್ಲಿ ಹೊಸ ಜೋಡಿ ತನ್ನ ಗುಣ ತೋರಿಸಿತು: ಗಂಟೆಗೆ ನೂರು, ನೂರೈದು. ಆಚೆಯ ಒತ್ಮೊಕ್ ಏರು ಅಷ್ಟು ಕಡಿದಲ್ಲ, ಅದನ್ನು ಮುಖ ಮುಂದು ಮಾಡಿಯೇ ಹತ್ತಿದರು.  ಆದರೆ ಒಮುರ್ಕುಲನಿಗೆ ಬೆಳಗಿನ ಖುಷಿ ಮರಳಲಿಲ್ಲ. ದಾರಿಯುದ್ದಕ್ಕೂ ಒಂದೇ ಯೋಚನೆ, ಆ ದಿನ ಶರ್ಶೆನ್ ಸಿಮೆಂಟು ಹೇರಿಕೊಂಡು ಎಷ್ಟು ತಿರುವು ಹೀಗೆ ಹತ್ತಿದ್ದ, ಕೇಳಿದವರು ಯಾರಾದರೂ ಇದ್ದರೇ ಎಂದು.

ಅಂಗಳ ಸೇರಿದಾಗ ಒಂದು ಗಂಟೆ. ನೆಂಟರೆಲ್ಲ ಊಟಕ್ಕೆ ಕೂರದೆ ಕಾಯುತ್ತಿದ್ದರು. ಚೊಲ್ಪೊನ್ ಓಡಿಬಂದು ತಾಯಿಯ ಕುತ್ತಿಗೆಗೆ ಜೋತುಬಿದ್ದಳು, ತೊಟ್ಟಿಲ ಮೇಲೆ ಸಿಹಿ ಎರಚಿದರು, ಮಕ್ಕಳು ಆಯ್ದುಕೊಳ್ಳಲು ಮುಗಿಬಿದ್ದರು. ಶರ್ಶೆನ್ ಎರಡೂ ಕೈ ಚಾಚಿ ಬೀಗನನ್ನು ಬರಮಾಡಿಕೊಂಡ. ತಡವಾಯಿತೆಂದು ಒಂದು ಮಾತೂ ಆಡಲಿಲ್ಲ. ಆದರೆ ಬೀಗ ಕತ್ತು ತಿರುಗಿಸದೆ ಇಡೀ ಮೈ ತಿರುಗಿಸಿ ಕೈ ಕೊಡುವುದನ್ನು ಗಮನಿಸಿದ.

ಒಳಗೆ ಹಾಸಿದ ಊಟದ ಬಟ್ಟೆಯ ಸುತ್ತ ಎಲ್ಲರೂ ಕೂತು ಚಹಾ ಬಂದ ಮೇಲೆ, ನೆಂಟರ ಪೈಕಿ ಯಾರೋ ಕೇಳಿದರು, ಹಳೇ ವೋಲ್ಗಾ ಘಟ್ಟ ಹೇಗೆ ಹತ್ತಿತು ಎಂದು. ಓರಗಿತ್ತಿಯರಿಬ್ಬರಿಗೂ ತಮ್ಮ ಪಿಯಾಲೆಯೊಳಗೆ ಏನೋ ಕಂಡಿತು. ಬುರುಲ್ಚಾ ಬೋರ್ಸೋಕು ಬಾಯಿಗೆ ತುಂಬಿಕೊಂಡಳು.

"ಚೆನ್ನಾಗೇ ಹತ್ತಿತು" ಎಂದಳು ಜೂರಾ. "ಇವ್ರು ಹೊಸ ಗೇರು ಹಾಕಿದ್ದಾರಲ್ಲ."

ಮಾತು ಅಲ್ಲಿಗೆ ಮುಗಿಯಬಹುದಿತ್ತು. ಚಹಾ ಕುಡಿದು ತಲೆ ಆಡಿಸಿದ್ದರೆ ಸಾಕಿತ್ತು, ಆಡಿಸಲು ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಒಮುರ್ಕುಲ್ ಪಿಯಾಲೆ ಕೆಳಗಿಟ್ಟ.

"ಕೊನೇ ಮೂರು ತಿರುವು ಬಾಲ ಮುಂದು ಮಾಡ್ಕೊಂಡು ಹತ್ತಿದೆ" ಎಂದ. "ಅದೇ ಜಾಗದಲ್ಲಿ."

 ಬಾಲ ಮುಂದು ಎಂಬ ಮಾತನ್ನು ಆ ಮನೆಯ ಛಾವಣಿಯ ಕೆಳಗೆ ಅದುವರೆಗೆ ಯಾರೂ ಆಡಿರಲಿಲ್ಲ. ಶರ್ಶೆನ್ ಬೀಗನ ಮುಖವನ್ನೇ ನೋಡುತ್ತಿದ್ದ.

"ಬೀಗರೇ, ಆವತ್ತು ನಾನು ಕಿಟಕೀಲಿ ಕೂತು ನಕ್ಕಿದ್ದೆ" ಎಂದ ಒಮುರ್ಕುಲ್. "ಕುತ್ತಿಗೆ ಇಷ್ಟು ನೋಯುತ್ತೆ ಅಂತ ಗೊತ್ತಿರ್ಲಿಲ್ಲ."

 ಶರ್ಶೆನನ ಕೈ ತಾನಾಗಿ ಅವನದೇ ಕುತ್ತಿಗೆಯ ಹಿಂದಕ್ಕೆ ಹೋಯಿತು.

"ಮೂರು ದಿನ ಇರುತ್ತೆ" ಎಂದ. "ನಂಗೆ ಒಂದು ವಾರ ಇತ್ತು, ಹನ್ನೊಂದು ತಿರುವು ಹತ್ತಿದ್ದೆ. ಹೇಳೋಣ ಅಂದ್ರೆ ಯಾರೂ ಕೇಳ್ಲಿಲ್ಲ." ಸೊಸೆಯ ಕಡೆ ತಿರುಗಿ, ಕುರಿಬಾಲದ ಕೊಬ್ಬು ಬಿಸಿ ಮಾಡಿ ತಾರಮ್ಮ, ನಿಮ್ಮ ಅಪ್ಪನ ಕುತ್ತಿಗೆಗೆ ಹಚ್ಚಬೇಕು ಎಂದ. ಅವಳು ತಂದಾಗ ಬೇರೆ ಯಾರ ಕೈಗೂ ಕೊಡದೆ, ತೋಳು ಮಡಚಿ ತಾನೇ ಉಜ್ಜಿದ. ಉಜ್ಜುವ ಕೈ ಸ್ವಲ್ಪ ಗಟ್ಟಿಯಾಗಿಯೇ ಇತ್ತು. ಒಮುರ್ಕುಲ್ ಹಲ್ಲು ಕಚ್ಚಿಕೊಂಡು ಕೂತಿದ್ದ, ನೋವಿನ ನಡುವೆಯೂ ಅವನ ಎದೆ ಹಗುರಾಗುತ್ತಿತ್ತು.

ಜೂರಾ ಎದ್ದು ಮಗುವನ್ನು ಎತ್ತಿಕೊಂಡಳು. ಹಿರಿಯ ಹೆಂಗಸರು ಸುತ್ತ ಕೂತರು. ಅಂಗಾತ ಮಲಗಿಸಿ, ಕೈಕಾಲು ನೇರ ಮಾಡಿ, ಬಣ್ಣದ ಪಟ್ಟಿ ಕಟ್ಟಿ, ಮೇಲೆ ಏಳು ಹೊದಿಕೆ ಒಂದೊಂದಾಗಿ ಹೊದಿಸಿದಳು. ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡು ಹರಸಿದರು. ಮಗು ಒಂದು ಸಲ ಅತ್ತು, ಆಮೇಲೆ ಅಡ್ಡಗೋಲನ್ನು ನೋಡುತ್ತ ಸುಮ್ಮನಾಯಿತು. ಬೆಳಗ್ಗೆಯಿಂದ ಅಲುಗದಂತೆ ಹಿಡಿದಿದ್ದ ಆ ಅಡ್ಡಗೋಲನ್ನು ಜೂರಾ ಮೊದಲ ಸಲ ತೂಗಿದಳು.

ಊಟವಾದ ಮೇಲೆ ಗಂಡಸರಿಬ್ಬರೂ ಹೊರಗೆ ಹೋದದ್ದು ಅವಳಿಗೆ ಕಿಟಕಿಯಿಂದ ಕಂಡಿತು. ಶರ್ಶೆನ್ ಬಗ್ಗಿ ಆಕ್ಸಲ್ ನೋಡಿದ, ಒಮುರ್ಕುಲ್ ಬೆರಳಿನಿಂದ ಏನೋ ಸುತ್ತು ತಿರುಗಿಸಿ ತೋರಿಸಿದ, ಶರ್ಶೆನ್ ಒಪ್ಪದೆ ಬೇರೊಂದು ಸುತ್ತು ತಿರುಗಿಸಿದ. ಆಮೇಲೆ ಶರ್ಶೆನ್ ಮುಂದಿನ ಬಾಗಿಲು ತೆರೆದು, ಒಂದು ಗಳಿಗೆ ನಿಂತು, ಒಳಗೆ ಕೂತ. ಅಂಗಳ ಇಕ್ಕಟ್ಟಾಗಿತ್ತು, ಬೀದಿಗೆ ಹೋಗಲು ಗಾಡಿಯನ್ನು ಹಿಂದಕ್ಕೇ ತೆಗೆಯಬೇಕಿತ್ತು. ಒಮುರ್ಕುಲನ ಕುತ್ತಿಗೆ ತಿರುಗುತ್ತಿರಲಿಲ್ಲ. ಅವನು ಮುಂದಕ್ಕೆ ನೋಡುತ್ತ ನೆಟ್ಟಗೆ ಕೂತ. ಶರ್ಶೆನ್ ಸೀಟಿನ ಮೇಲೆ ತೋಳು ಚಾಚಿ, ಪೂರ್ತಿ ಹಿಂದಕ್ಕೆ ಹೊರಳಿ, "ಬನ್ನಿ, ಬನ್ನಿ, ಒಂಚೂರು ಎಡಕ್ಕೆ" ಎನ್ನುತ್ತಿದ್ದ. ವೋಲ್ಗಾ ಮೆಲ್ಲಗೆ ಗೇಟು ದಾಟಿತು.

ಜೂರಾ ತೊಟ್ಟಿಲು ತೂಗುತ್ತಲೇ ಇದ್ದಳು.